ಪ್ರದರ್ಶನದಲ್ಲೊಂದು ರಾಶಿ ಪೂಜೆ

ಮಾನ್ವಿಯ ಅಕ್ಕಿ ಮಿಲ್ಲಿನ ಮಹಾಂತಯ್ಯನವರು ಅವತ್ತು ರುಮಾಲು ಸುತ್ತಿದ್ದು ದಂಡಿಗೆ ಹೊರಟವರ ಹಾಗೆ! ಹೊರಟಿದ್ದು ಮಾತ್ರ ರಾಯಚೂರಿನಲ್ಲಿ ನಡೆದಿದ್ದ ಎಳೆಯ ಕಲಾವಿದರ ಪ್ರದರ್ಶನಕ್ಕೆ. ಅದರಲ್ಲಿ ಮಗಳು ಐಶ್ವರ್ಯಳದೂ ಒಂದು ಚಿತ್ರವಿತ್ತು.

"ಕಾಳು ಯಾವ್ದು, ಜೊಳ್ಳು ಯಾವ್ದು, ಒಂದ ನೋಟಕ್ಕ ಹೇಳಾಂವ ನಾನು. ಚಿತ್ರ ಏನ್ ಮಹಾ!"

"ಏನೂ ಹೇಳಬ್ಯಾಡ್ರಿ, ಏನೂ ಮುಟ್ಟಬ್ಯಾಡ್ರಿ," ಎಂದರು ಹೆಂಡತಿ ನಾಗರತ್ನಾ. "ಬಹುಮಾನ ಬಂದ್ರ ಕಲಬುರ್ಗಿಗೆ ಚಿತ್ರ ಕಲಿಯಾಕ ಕಳಸ್ತೀನಿ, ಇಲ್ಲಂದ್ರ ಮಿಲ್ಲಿನ ಗಲ್ಲಾದ ಮ್ಯಾಲ ಕೂಡಬೇಕು ಅಂತ ಹುಡುಗಿಗಿ ಷರತ್ತು ಹಾಕಿದವ್ರು ನೀವ. ನೆನಪಿರ್ಲಿ!"

ಒಳಗೆ ಕಾಲಿಟ್ಟದ್ದೇ ನಾಗರತ್ನಾ ಮಗಳನ್ನು ಹುಡುಕುತ್ತ ಮಹಡಿ ಹತ್ತಿದರು. ಮಹಾಂತಯ್ಯನವರು ಕೆಳಗೆ ಒಬ್ಬರೇ ಉಳಿದರು. ಅನಾಹುತಕ್ಕೆ ಅಷ್ಟು ಸಾಕಲ್ಲ!

ಮೊದಲ ಚಿತ್ರದಲ್ಲಿ ಎಮ್ಮೆ ನೀಲಿ. ಹಲ್ಲು ಕಡಿದು ಸಹಿಸಿದರು. ಎರಡನೆಯದರಲ್ಲಿ ಹೆಂಗಸಿಗೆ ಒಂದೇ ಕಡೆ ಎರಡು ಕಣ್ಣು. ಅದನ್ನೂ ನುಂಗಿದರು. ಆದರೆ ನಡುಮನೆಯಂಥ ಹಾಲ್‌ನ ನಟ್ಟನಡುವೆ, ಕರಿ ಬಟ್ಟೆಯ ಮೇಲೆ, ಅಲ್ಲಿಷ್ಟು ಇಲ್ಲಿಷ್ಟು ಚೆಲ್ಲಿ ಬಿದ್ದದ್ದು ಏನು? ಭತ್ತ!

"ಯಾರಲೇ ಇದು? ತುತ್ತು ಅನ್ನಕ್ಕ ಕಿಮ್ಮತ್ತಿಲ್ಲೇನು? ತುಳಿದಾಡೋ ಜಾಗಾದಾಗ ಭತ್ತ ಚೆಲ್ಲೀರಿ!" ಒಂದು ಕಾಳು ಹಲ್ಲಿಗಿಟ್ಟು ಕಡಿದರು. ಸಿಟ್ಟು ನೆತ್ತಿಗೇರಿತು. "ಮ್ಯಾಲ ತೇವ ಬ್ಯಾರೆ ಅದ!"

ಪಕ್ಕದ ಹುಡುಗಿಯೊಬ್ಬಳು, "ಅಜ್ಜಾರ, ಅದು..." ಎಂದಳು.

"ನೀ ಸುಮ್ಕಿರವಾ! ಹುಟ್ಟಿದಾಗಿಂದ ಭತ್ತ ನೋಡೀನಿ!"

ಚಪ್ಪಲಿ ಬಿಟ್ಟರು. ಹೆಗಲ ಮೇಲಿನ ವಸ್ತ್ರದಿಂದಲೇ ಗುಡಿಸಿ, ಒಂದು ಕಾಳೂ ಬಿಡದೆ ಬಳಿದು, ಗೋಪುರದಂಥ ರಾಶಿ ಮಾಡಿದರು. ರಾಶಿ ಮಾಡಿದ ಮೇಲೆ ಪೂಜೆ ಬಿಡುವುದುಂಟೆ? ಕಿಸೆಯಿಂದ ವಿಭೂತಿ ತೆಗೆದು ಮೂರು ಬೆರಳು ಎಳೆದು, ಕಣ್ಣು ಮುಚ್ಚಿ ಕೈ ಮುಗಿದರು.

ಮಹಡಿಯಿಂದ ಚೀರಾಟ ಕೇಳಿತು. "ಯಪ್ಪಾ! ಅದು ನನ್ನ ಚಿತ್ರ!"

"ಚಿತ್ರಾ? ಎಲ್ಲದ?"

"ಈಗೆಲ್ಲಿರ್ತದ! ಮಹಡಿ ಮ್ಯಾಲ ನಿಂತು ಬಗ್ಗಿ ನೋಡಿದ್ರ ಮಾರಿ ಕಾಣ್ತಿತ್ತು. ಮ್ಯಾಲಿಂದ ನೋಡ್ರಿ ಅಂತ ಗ್ವಾಡಿಗೆ ಬರದು ಹಚ್ಚೀನಲ್ಲ!"

"ಯಾರ ಮಾರಿ?"

"ನಿಂದ!"

ತನ್ನ ಮುಖವನ್ನು ತಾನೇ ಗುಡಿಸಿ, ಗುಡ್ಡೆ ಹಾಕಿ, ಮೇಲೆ ವಿಭೂತಿಯನ್ನೂ ಬಳಿದ ಪುಣ್ಯಾತ್ಮ ಮೂರು ಲೋಕದಲ್ಲಿ ಇನ್ನೊಬ್ಬನಿಲ್ಲ!

ಬಹುಮಾನ ಆರಿಸುವ ಗುಲ್ನಾಜ್ ಮೇಡಂ ಚಹಾಕ್ಕೆ ಹೋಗಿದ್ದರು. ದಡದಡ ಇಳಿದು ಬಂದ ಐಶ್ವರ್ಯ ಅಳಲಿಲ್ಲ. ಅಪ್ಪನ ತೋಳು ಹಿಡಿದು ಬಟ್ಟೆಯ ಅಂಚಿಗೆ ನಿಲ್ಲಿಸಿದಳು. "ಇಲ್ಲೇ ನಿಂದ್ರು. ನಿನ್ನ ನೋಡ್ಕೋತ ಮತ್ತ ಮಾಡ್ತೀನಿ. ಕದಲಬ್ಯಾಡ, ಬಾಯಿ ತೆಗಿಬ್ಯಾಡ!"

ನಿಂತರು. ಮೂಗಿನ ಮೇಲೆ ನೊಣ ಕೂತಿತು. ನೋಡಲು ಬಂದ ದೇವದುರ್ಗದ ದಂಪತಿ ಅವರ ಸುತ್ತಲೂ ಒಂದು ಪ್ರದಕ್ಷಿಣೆ ಹಾಕಿದರು.

"ಈ ಗೊಂಬಿ ಛಂದ ಅದ ನೋಡ್ರಿ," ಎಂದಳು ಹೆಂಡತಿ.

"ಹೊಟ್ಟಿ ಸ್ವಲ್ಪ ಅತೀ ಮಾಡ್ಯಾರ," ಎಂದ ಗಂಡ.

ಮಹಾಂತಯ್ಯನವರ ಕಿವಿಯಿಂದ ಹೊಗೆ ಬರುವುದೊಂದು ಬಾಕಿ! ಬೈಗುಳ ಗಂಟಲಿಗೆ ಬಂದು, ತುಟಿ ಮುಟ್ಟಿ, ಮಗಳ ಕಣ್ಣು ಕಂಡು ಹಿಂದಕ್ಕೆ ಹೋಯಿತು.

ಕೊನೆಯ ಹಿಡಿ ಭತ್ತ ಮೀಸೆಯಾಗುವುದಕ್ಕೂ ಗುಲ್ನಾಜ್ ಮೇಡಂ ಮಹಡಿ ಹತ್ತುವುದಕ್ಕೂ ಸರಿಹೋಯಿತು. ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. "ಮೊದಲ ಬಹುಮಾನ ಇದಕ್ಕೇ!" ಎಂದರು.

ಮಹಾಂತಯ್ಯನವರ ಎದೆ ಮತ್ತೆ ಉಬ್ಬಿತು. ಮೆಟ್ಟಿಲು ಹತ್ತಿ ಹೆಂಡತಿಯ ಪಕ್ಕ ನಿಂತು, "ಹೆಂಗದ? ಥೇಟ್ ನಾನ ಅಲ್ಲೇನು?" ಎಂದರು.

ನಾಗರತ್ನಾ ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ಬಗ್ಗಿ ನೋಡಿದರು.

"ಮೂಗು ನಿಮ್ದ, ಮೀಸಿನೂ ನಿಮ್ದ ಖರೆ. ಆದ್ರ ಬಾಯಿ ಮುಚ್ಕೊಂಡಾರಲ್ರೀ... ಯಾರೋ ಬ್ಯಾರೆ ಸಂಭಾವಿತ್ರು!"