ಖಂಡೆಪ್ಪ ಪ್ರೊಫೆಸರರ ಸತ್ಯದ ನೀರು

ಕೇದಾರಿ ಮಾಸ್ತರರ ಚೀಲದಿಂದ ಆ ಬಾಟಲಿ ಹೊರಗೆ ಬಂದದ್ದೇ ತಡ, ಬೀರಸಿದ್ದಪ್ಪ ಕೈಯಲ್ಲಿದ್ದ ಚಹದ ಬಸಿಯನ್ನು ನೆಲಕ್ಕಿಟ್ಟು ಹಿಂದೆ ಸರಿದ.

“ಗುರುತು ಸಿಕ್ತೇನ್ರಿ? ನಿಮ್ಮ ಅಪ್ಪಾರ ಸತ್ಯದ ನೀರು! ಕಾಲೇಜಿನ್ಯಾಗ ನಮಗ ಮೊದಲನೇ ಪಾಠ ಇದರಿಂದನ ಸುರು ಮಾಡಿದ್ರು. ಇವತ್ತ ಅವರು ತೀರಿಕೊಂಡ ವರ್ಷದ ದಿನ. ಬಂದವರೆಲ್ಲಾ ಅಂಗೈಗೆ ಭಂಡಾರ ಹಚ್ಚಿ ಇದರಾಗ ಕೈ ಅದ್ದೋಣು. ಗುರುಗಳ ನೆನಪಿಗೆ.”

ಗುರುತು ಸಿಗದೆ ಏನು! ಬೀರಸಿದ್ದಪ್ಪ ಎಂಟು ವರ್ಷದವನಿದ್ದಾಗ ಬೆಲ್ಲ ಕದ್ದು “ನಾ ಅಲ್ಲ” ಎಂದಿದ್ದ. ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ಬೀರದೇವರ ಭಂಡಾರದ ಅರಿಶಿನವನ್ನು ಅವನ ಅಂಗೈಗೆ ಹಚ್ಚಿ, “ಸುಳ್ಳ ಹೇಳಿದವರ ಕೈ ಕೆಂಪ ಆಕೈತಿ, ನೋಡು ಮಗನ” ಎಂದು ಈ ನೀರಿನಲ್ಲಿ ಅದ್ದಿಸಿದರು. ಹಳದಿ ಕಣ್ಣೆದುರೇ ನೆತ್ತರಾಯಿತು. ಈಗ ಬೀರಸಿದ್ದಪ್ಪನಿಗೆ ಮೂವತ್ತೆಂಟು, ಹುಕ್ಕೇರಿಯ ಮಾಮಲೇದಾರ ಕಚೇರಿಯಲ್ಲಿ ಕಾರಕೂನ. ಆದರೂ ಆ ಬಾಟಲಿ ಕಂಡರೆ ಅವನಿಗೆ ಎಂಟೇ ವರ್ಷ.

ಖಂಡೆಪ್ಪನವರೆಂದರೆ ಸಾಮಾನ್ಯರೇ? ಘೋಡಗೇರಿಯಲ್ಲಿ ಕುರಿ ಕಾಯುತ್ತ ಓದಿ ವಿಜ್ಞಾನದ ಪ್ರೊಫೆಸರರಾದ ಮನುಷ್ಯ. ಕೋಟಿನ ಮೇಲೆ ಕಂಬಳಿ ಹೊದ್ದೇ ಪಾಠ. ಮಳೆ ಬಂದರೆ ಪುಸ್ತಕ ಮುಚ್ಚಿಸಿ ಹುಡುಗರನ್ನೆಲ್ಲ ಅಂಗಳಕ್ಕೆ ಇಳಿಸುವರು. ಒಮ್ಮೆ ಧುಪದಾಳದ ಒಡ್ಡಿನ ಬಳಿ ನೀರಿನ ವೇಗ ಅಳೆಯಲು ನಿಂಬೆಹಣ್ಣು ತೇಲಿಬಿಟ್ಟು, ಹೆಗಲ ಮೇಲಿದ್ದ ಮಗನಿಗೆ “ಎಣಸಪಾ” ಎಂದರು. ಮಗ ಎಣಿಸುವುದು ಬಿಟ್ಟು, ಹಣ್ಣು ಹೋದವಲ್ಲ ಎಂದು ಅತ್ತ.

ಅಂಥ ಅಪ್ಪನ ಮೂವತ್ತು ವರ್ಷದ ಟಿಪ್ಪಣಿಗಳ ವಹಿಯನ್ನು ನೀರೊಲೆಗೆ ತುರುಕಿದವನು ಇವನೇ! ಹಸಿ ಕಟ್ಟಿಗೆ, ಕಚೇರಿಗೆ ಹೊತ್ತಾಗಿತ್ತು, ರದ್ದಿ ಎಂದು ಕೈಗೆ ಸಿಕ್ಕದ್ದನ್ನು ಹಾಕಿದ್ದ. ಅಷ್ಟಕ್ಕೇ ನಿಂತಿದ್ದರೆ ಚಲೋ ಇತ್ತು. “ನೀನ ಸುಟ್ಟಿರಬೇಕು” ಎಂದು ಓದು ಬಾರದ ಹೆಂಡತಿ ಲಗಮವ್ವನ ತಲೆಗೆ ಕಟ್ಟಿದ. ದಿನಾ ರದ್ದಿಯಿಂದ ಒಲೆ ಹೊತ್ತಿಸುತ್ತಿದ್ದ ಆಕೆ ಅದನ್ನು ನಂಬಿದಳು. ಮಾವನ ಫೋಟೋದ ಮುಂದೆ ಅತ್ತು, ಪ್ರಾಯಶ್ಚಿತ್ತವೆಂದು ಬೆಲ್ಲ ತಿನ್ನುವುದನ್ನೇ ಬಿಟ್ಟಳು. ಹೋಳಿಗೆಗೆ ಜೀವ ಬಿಡುವ ಹೆಂಗಸು ಆರು ತಿಂಗಳಿಂದ ಸಿಹಿ ಮುಟ್ಟಿಲ್ಲ. ಈಗ ಇವನ ಕೈ ಕೆಂಪಾದರೆ ಆಕೆಯ ಮುಂದೆಯೇ ಬಣ್ಣ ಬಯಲು.

“ಹಳೇ ನೀರ್ರಿ ಮಾಸ್ತರ, ಹುಳ ಆಗಿರ್ತಾವು.”

“ಬಾಟಲಿ ಹಳೇದು. ನೀರು ನಿನ್ನಿ ಕೂಡಿಸೇನಿ, ಗುರುಗಳ ಅಳತಿ ಪ್ರಕಾರ!”

ಬಾಜೂ ಮನೆಯ ಉದ್ದವ್ವನ ಕಿವಿಗೆ ಇಷ್ಟು ಸಾಕಾಯಿತು. “ಸುಳ್ಳ ಹಿಡಿಯೋ ನೀರ ಬಂದೈತಿ, ಬರ್ರೇ! ನನ್ನ ಹುಂಜ ತಿಂದವರು ಯಾರಂತ ಇವತ್ತ ಗೊತ್ತಾಗ್ಲಿ!” ಎಂದು ಓಣಿಯೆಲ್ಲ ಸಾರಿದಳು. ಅಂಗಳ ತುಂಬಿತು.

ಬೀರಸಿದ್ದಪ್ಪ ಬಾಟಲಿಯನ್ನು ಜೋಳದ ಚೀಲದ ಹಿಂದೆ ಮುಚ್ಚಿಟ್ಟ. ಉದ್ದವ್ವ ಹುಡುಕಿ ತಂದು, “ಇಲ್ಲೇ ಐತಲ್ಲೋ ತಮ್ಮಾ” ಎಂದು ಮತ್ತೆ ಅವನ ಕೈಗೇ ಕೊಟ್ಟಳು. ಹೊಟ್ಟೆನೋವೆಂದ. “ಮಲಕೋರಿ, ನೀರು ಹಾಸಿಗಿಗೇ ತರ್ತೀವಿ” ಎಂದರು ಮಾಸ್ತರರು. ಕೊನೆಗೆ ಜೀವ ಕೈಯಲ್ಲಿ ಹಿಡಿದು ಹಿತ್ತಿಲಿಗೆ ಓಡಿದ. ನೀರು ಚೆಲ್ಲಲು ಬಾಟಲಿ ಬಗ್ಗಿಸುವಾಗ ಗಡಿಬಿಡಿಯಲ್ಲಿ ಅರ್ಧ ನೀರು ಅಂಗೈ ಮೇಲೆಯೇ ಸುರಿಯಿತು. ಜಾರುಜಾರಾದ ಕೈಯನ್ನು ಧೋತರಕ್ಕೆ ಒರೆಸಿಕೊಂಡು, ಬಾವಿಯ ನೀರು ತುಂಬಿ ತಂದಿಟ್ಟ. ಅಪ್ಪಾ, ಬದುಕಿದೆ!

ಮಾಸ್ತರರು ನೀರನ್ನು ಅಗಲ ತಟ್ಟೆಯಂಥ ಪರಾತಕ್ಕೆ ಸುರಿದರು. ಉದ್ದವ್ವ ಕೈ ಅದ್ದಿದಳು, ಹಳದಿ. ಓಣಿಯವರೆಲ್ಲ ಅದ್ದಿದರು, ಹಳದಿ. “ಮಾವಾರ, ನನ್ನ ತಪ್ಪ ಹೊಟ್ಯಾಗ ಹಾಕ್ಕೋರಿ” ಎಂದು ಕಣ್ಣು ಮುಚ್ಚಿ ಲಗಮವ್ವ ಅದ್ದಿದಳು. ಹಳದಿ! ಮಾಸ್ತರರ ಕೈಯೂ ಹಳದಿಯೇ. ಅವರು ಹುಬ್ಬು ಗಂಟಿಕ್ಕಿ ಬಾಟಲಿಯನ್ನೇ ನೋಡತೊಡಗಿದರು.

ಬೀರಸಿದ್ದಪ್ಪ ಧೈರ್ಯವಾಗಿ ಭಂಡಾರ ಹಚ್ಚಿ ಅದ್ದಿದ. ಕೈ ಎತ್ತಿದರೆ ಅಂಗೈ ಕೆಂಪಗೆ ಕೆಂಪು!

ಬಾವಿಯ ನೀರಿನೊಳಗೂ ಅಪ್ಪ ಬಂದು ಕೂತಿದ್ದಾರೆ ಎಂದುಕೊಂಡ. ಫೋಟೋದ ಮುಂದೆ ಉದ್ದಕ್ಕೆ ಬಿದ್ದ. “ಯಪ್ಪಾ, ನಾನ ಸುಟ್ಟೇನಿ! ನಿನ್ನ ವಹಿ ನಾನ ಸುಟ್ಟೇನಿ! ಲಗಮವ್ವ ಅಲ್ಲ!”

ಮಾಸ್ತರರು ಬಾಟಲಿಯಲ್ಲಿ ಉಳಿದ ನೀರನ್ನು ಬೆರಳಲ್ಲಿ ತಿಕ್ಕಿ ನೋಡಿದರು, ಜಾರಲಿಲ್ಲ. “ಇದು ಬರೇ ನೀರು. ನನ್ನ ನೀರ ಎಲ್ರಿ?”

“ಹಿತ್ತಲದಾಗ ಚೆಲ್ಲಿದೆ... ಕೈಮ್ಯಾಲೆ ಬಿತ್ತು...”

ಮಾಸ್ತರರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಅರಿವಿ ತೊಳಿಯೋ ಸೋಡಾ ಇತ್ತೋ ಮಾರಾಯಾ ಅದರಾಗ! ಅರಿಶಿನಕ್ಕ ಸೋಡಾ ತಗಲಿದ್ರ ಯಾರ ಕೈ ಆದ್ರೂ ಕೆಂಪ ಆಕೈತಿ. ಇಡೀ ವರ್ಗದ ಕೈ ಕೆಂಪ ಮಾಡಿ, ‘ನಾವೆಲ್ಲಾರೂ ಸುಳ್ಳರು, ಬರ್ರಿ, ಇನ್ನ ಖರೇದ್ದು ಹುಡುಕೋಣು’ ಅಂತ ಗುರುಗಳು ಪಾಠ ಸುರು ಮಾಡ್ತಿದ್ರು. ನೀವು ನೀರ ಬದಲಿ ಮಾಡದಿದ್ರ ಎಲ್ಲಾರ ಕೆಂಪಿನ್ಯಾಗ ನಿಮ್ಮದೂ ಮುಚ್ಚಿ ಹೋಗತಿತ್ತು!”

ಉದ್ದವ್ವನಿಗೆ ಸೋಡಾ ಗೀಡಾ ತಲೆಗೆ ಹೋಗಲಿಲ್ಲ. “ಅದೆಲ್ಲಾ ಇರ್ಲಿ. ನನ್ನ ಹುಂಜ ಏನ ಮಾಡಿದ್ಯೋ?” ಎಂದು ಅವನ ಕೆಂಪು ಕೈ ಹಿಡಿದು ನಿಂತಳು.

ಲಗಮವ್ವ ಎಲ್ಲರಿಗೂ ಬಡಿಸಿದಳು. ಗಂಡನ ಎಲೆಯ ಮೇಲೆ ಎರಡು ಹೋಳಿಗೆ ಇಟ್ಟು ತುಪ್ಪ ಸುರಿದಳು. ಬೀರಸಿದ್ದಪ್ಪ ಕೈ ಚಾಚಿದ. ಆಕೆ ಎರಡನ್ನೂ ಎತ್ತಿಕೊಂಡು, ಅವನೆದುರಿಗೇ ಕೂತು, ನಿಧಾನಕ್ಕೆ ಮುರಿದು ತಿಂದಳು. ಆರು ತಿಂಗಳ ಮೇಲೆ ಮೊದಲ ತುತ್ತು ಬಾಯಿಗೆ ಹೋದಾಗ ಆಕೆಯ ಕಣ್ಣಲ್ಲಿ ನೀರು ಬಂತು.

“ಬೆಲ್ಲ ಇಷ್ಟ ದಿನಾ ನಾ ಬಿಟ್ಟೇನ್ರಿ,” ಎಂದಳು. “ಇನ್ನ ನಿಮ್ಮ ಪಾಳಿ.”