ಮೂರನೆಯ ಸಲ ಕೇಳ್ರಿ

ಬೇರೆ ಬೇರೆ ಸೀಮೆಯ ಇಬ್ಬರು ಎದುರುಬದುರು ಕೂತರೆ ಏನಾದರೊಂದು ಆಗದೆ ಬಿಡುವುದಿಲ್ಲ. ನಡುವೆ ಕೂರುವ ದುಭಾಷಿ ನಾನಾದ್ದರಿಂದ, ಆದದ್ದೆಲ್ಲ ನನ್ನ ತಲೆಗೇ ಬರುತ್ತಿತ್ತು.

ಪೊಲೀಸ್ ಆಕ್ಷನ್ ಮುಗಿದಿತ್ತು. ಹೈದರಾಬಾದ್ ಸಂಸ್ಥಾನಕ್ಕೆ ಹೊರಗಿನಿಂದ ಹೊಸ ಅಧಿಕಾರಿಗಳು ಬರುತ್ತಿದ್ದರು. ಬೀದರಿಗೆ ಬಂದವರು ಮದ್ರಾಸಿನ ಕಡೆಯವರು. ಇಂಗ್ಲಿಷಿನ ಜೊತೆಗೆ ಉರ್ದು, ಮರಾಠಿ, ಕನ್ನಡ ಮೂರೂ ಬಲ್ಲ ನನ್ನನ್ನು ಜೊತೆಗೆ ಇಟ್ಟುಕೊಂಡರು. "ಮಾತು ನೀವು ನೋಡಿಕೊಳ್ಳಿ. ಇಲ್ಲಿಯ ಜನ ಮಾತಿಲ್ಲದೆ ಏನು ಹೇಳುತ್ತಾರೋ ಅದನ್ನು ನಾನು ಕಲಿಯಬೇಕು" ಎಂದರು. ಪುಣ್ಯಾತ್ಮರಿಗೆ ಅದೇ ಒಂದು ಹುಚ್ಚು.

ನನ್ನ ಹುಚ್ಚು ಬೇರೆ. ಭಾಲ್ಕಿ ಸ್ಟೇಶನ್ನಿನಲ್ಲಿ ಒಮ್ಮೆ, ರೈಲಿನ ಹೊಗೆ ತೆಳುವಾಗುತ್ತಿದ್ದಂತೆ ಒಬ್ಬ ಹುಡುಗಿ ಕಂಡಿದ್ದಳು. ಬಟ್ಟೆ ಅಂಗಡಿಯವರ ಮಗಳು. ಅಂದಿನಿಂದ ನಾನು ಅರ್ಧ ಎಚ್ಚರದಲ್ಲೇ ಇದ್ದೆ. ಹೆಣ್ಣು ಕೇಳಿದ್ದಕ್ಕೆ ಅವಳಪ್ಪ ಹೇಳಿದ್ದು ಒಂದೇ ಮಾತು: "ತಂದಿ ಇಲ್ಲದ ಹುಡುಗ ನೀ. ನಿನ್ನ ಪರವಾಗಿ ಹೂಂ ಅನ್ಲಿಕ್ಕ ಒಬ್ಬ ಹಿರಿಯರಿಗಿ ಕರ್ಕೊಂಡು ಬಾ."

ಹಿರಿಯರು ಎಲ್ಲಿಂದ ಬರಬೇಕು? ನನ್ನ ಪಾಲಿಗೆ ಇದ್ದವರು ಈ ಸಾಹೇಬರೊಬ್ಬರೇ.

ಟೋಪಿ

ಔರಾದ ತಾಲೂಕಿನ ಡಾಬಕಾಕ್ಕೆ ಹೋಗಿದ್ದೆವು. ಆಕ್ಷನ್ನಿನ ಭಯ ಇನ್ನೂ ಆರಿರಲಿಲ್ಲ. ಹಿರಿಯರು ರುಮಾಲು ಬಿಗಿದುಕೊಂಡು ಕಟ್ಟೆಯ ಮೇಲೆ ಕೂತಿದ್ದರು. ಸಾಹೇಬರು ಜೀಪಿನಿಂದ ಇಳಿದು, ಗೌರವದಿಂದ ಟೋಪಿ ತೆಗೆದು ಎದೆಗೆ ಹಿಡಿದು ತಲೆಬಾಗಿದರು. ನಮ್ಮ ಕಡೆ ಗಂಡಸು ನಾಲ್ಕು ಜನರೆದುರು ಬರಿತಲೆಯಲ್ಲಿ ನಿಂತನೆಂದರೆ ಅವನ ಮನೆಯಲ್ಲಿ ಸಾವಾಗಿದೆ ಎಂದರ್ಥ.

ನಾನು ಜೋಳದ ಹೊಲದ ಮೇಲೆ ತೇಲುವ ಮೋಡ ನೋಡುತ್ತ ಮನಸ್ಸಿನಲ್ಲೇ ಭಾಲ್ಕಿಗೆ ಹೋಗಿಬಿಟ್ಟಿದ್ದೆ. ಒಬ್ಬ ಮುದುಕ ಬಂದು ಮೆಲ್ಲಗೆ, "ಸಾಹೇಬರಿಗಿ ಭಾಳ ದುಃಖ ಆಗ್ಯಾದೇನ್ರಿ?" ಎಂದ. ಏನು ಕೇಳಿದನೆಂದು ತಿಳಿಯದೆ "ಹೂಂ" ಅಂದುಬಿಟ್ಟೆ. ಸರಿ, ಒಬ್ಬ ಅಜ್ಜಿ ಸಾಹೇಬರ ಕೈ ಹಿಡಿದು ಅಳತೊಡಗಿದಳು. "ಅಳಬ್ಯಾಡ್ರಿ ಯಪ್ಪಾ, ಶಿವನ ಮನಿಗಿ ಎಲ್ಲಾರೂ ಹೋಗೋರೇ" ಎಂದು ಸುತ್ತಲಿದ್ದವರೆಲ್ಲ ಕಣ್ಣೊರೆಸಿಕೊಂಡರು.

ವಾಪಸು ಬರುವಾಗ ಸಾಹೇಬರೂ ಕರವಸ್ತ್ರ ತೆಗೆದು ಮೂಗೊರೆಸಿಕೊಂಡರು. "ಬೇರೆ ಊರುಗಳಲ್ಲಿ ನಾನು ಬಿಟ್ಟು ಹೋಗುವಾಗಲೂ ಯಾರೂ ಅತ್ತಿರಲಿಲ್ಲ. ಇಲ್ಲಿ ಬಂದ ದಿನವೇ ಅತ್ತರಲ್ಲ!"

ಅತ್ತರು

ಬೀದರಿನ ಹಳೇ ಮನೆತನದ ಒಬ್ಬ ವಯಸ್ಸಾದ ಬುಜುರ್ಗರು ನಮ್ಮನ್ನು ಚಹಾಕ್ಕೆ ಕರೆದಿದ್ದರು. ಮಾತು ಮುಗಿದ ಮೇಲೆ ಅತ್ತರು, ಪಾನ್ ತರಿಸಿದರು. ಆ ಮನೆಗಳಲ್ಲಿ ಪಾನ್ ಬಂತೆಂದರೆ, ‘ಇನ್ನು ದಯಮಾಡಿಸಿ’ ಎಂದೇ ಅರ್ಥ. ಬಾಯಿಬಿಟ್ಟು ಹೇಳುವುದು ಖಾನದಾನಿಗೆ ಅವಮಾನ. ಸಾಹೇಬರು ಉಪಚಾರ ಈಗ ಶುರುವಾಯಿತೆಂದು ತಿಳಿದು ಲೋಡಿಗೆ ಒರಗಿ, ಅವರ ಮುತ್ತಜ್ಜನ ವಿಚಾರ ಕೇಳಿದರು. ಮತ್ತೆ ಪಾನ್ ಬಂತು. ಮತ್ತೆ ಅತ್ತರು ಬಂತು. ಆ ಗುಲಾಬಿ ವಾಸನೆಗೆ ನನ್ನ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಸಾಹೇಬರ ಮೊಣಕೈ ತಿವಿಯುವಷ್ಟು ಎಚ್ಚರವೂ ನನಗೆ ಉಳಿಯಲಿಲ್ಲ.

ಕಡೆಗೆ ಬುಜುರ್ಗರು ಎದ್ದು, ಶೇರ್ವಾನಿ ತೊಟ್ಟು, "ಇಜಾಜತ್ ಹೋ ತೋ ಮೈ ಚಲೂಂ?" ಎಂದು ನಮ್ಮದೇ ಅಪ್ಪಣೆ ಪಡೆದು ತಮ್ಮ ಮನೆಯಿಂದ ತಾವೇ ಹೊರಟುಹೋದರು.

"ಪಾಪ, ಏನೋ ತುರ್ತು ಕೆಲಸ" ಎಂದರು ಸಾಹೇಬರು. "ಬರುವವರೆಗೆ ಕಾಯೋಣ."

ಭಾಲ್ಕಿ

ಇದಾದ ಮೇಲೆ ನಾನು ಅವರಿಗೆ ಪಾಠ ಶುರು ಮಾಡಿದೆ. ಟೋಪಿ ತೆಗೆಯಬಾರದು, ಪಾನ್ ಬಂದರೆ ಏಳಬೇಕು, ಯಾರು ಏನು ಕೊಟ್ಟರೂ ಮೊದಲೆರಡು ಸಲ ಎದೆಯ ಮೇಲೆ ಕೈಯಿಟ್ಟು "ಬ್ಯಾಡ್ರಿ" ಅನ್ನಬೇಕು. ಮೂರನೆಯ ಸಲಕ್ಕೆ "ಆಯ್ತ್ರಿ, ನಿಮ್ಮ ಖುಷಿಗಿ ಸ್ವಲ್ಪ" ಎಂದು ಒಪ್ಪಬೇಕು. ಸಾಹೇಬರು ಎಷ್ಟು ಚೆನ್ನಾಗಿ ಕಲಿತರೆಂದರೆ ಕಚೇರಿಯ ಜವಾನ ನೀರು ತಂದರೂ ಎರಡು ಸಲ ವಾಪಸು ಕಳಿಸುತ್ತಿದ್ದರು.

ಅವರನ್ನೇ ಹಿರಿಯರನ್ನಾಗಿ ಮಾಡಿಕೊಂಡು ಭಾಲ್ಕಿಗೆ ಹೋದೆ. ಟೋಪಿ ತಲೆಯ ಮೇಲೇ ಇತ್ತು. ಚಹಾಕ್ಕೆ ಎರಡು ಸಲ "ಬ್ಯಾಡ್ರಿ" ಅಂದು, ಮೂರನೆಯದಕ್ಕೆ ಒಪ್ಪಿದರು. ಒಳಬಾಗಿಲ ಪರದೆಯ ಹಿಂದೆ ಬಳೆಗಳ ಸದ್ದಾಯಿತು. ನನ್ನ ಕಾಲು ನೆಲಕ್ಕೆ ಹತ್ತುತ್ತಿರಲಿಲ್ಲ.

ಆಗ ಹುಡುಗಿಯ ತಂದೆ ಗಂಟಲು ಸರಿಮಾಡಿಕೊಂಡು ಕೇಳಿದರು: "ಸಾಹೇಬ್ರ, ನಮ್ಮ ಮಗಳಿಗಿ ಈ ಹುಡುಗಗ ಕೊಡ್ತೀವಿ. ಹಿರಿಯರಾಗಿ ನೀವು ತಗೋತೀರೇನ್ರಿ?"

ಸಾಹೇಬರು ಎದೆಯ ಮೇಲೆ ಕೈಯಿಟ್ಟರು. "ಬ್ಯಾಡ್ರಿ."

ನನ್ನ ಜೀವ ಹಾರಿಹೋಯಿತು. ವರನಾದವನು ಆ ಬೈಠಕಿನಲ್ಲಿ ತುಟಿ ಬಿಚ್ಚುವಂತಿಲ್ಲ. ಊರವರ ಮಾತನ್ನೆಲ್ಲ ಆಡಿದ ಬಾಯಿ, ನನ್ನ ಮಾತು ಬಂದಾಗ ಕಟ್ಟಿಹೋಯಿತು.

ತಂದೆಯ ಮುಖ ಕಪ್ಪಿಟ್ಟಿತು. ಆದರೂ ತಾಳಿಕೊಂಡು, "ಛಲೋ ಹುಡುಗಿ ಅದಾಳ್ರಿ. ಒಪ್ಕೋರಿ" ಎಂದರು.

"ಬ್ಯಾಡ್ರಿ, ಬ್ಯಾಡ್ರಿ" ಎಂದು ಸಾಹೇಬರು ಇನ್ನೂ ವಿನಯದಿಂದ ನಕ್ಕರು. ನೋಡಿ, ಎಷ್ಟು ಚೆಂದ ಕಲಿತಿದ್ದೇನೆ ಎಂಬಂತೆ ನನ್ನ ಕಡೆ ನೋಡಿದರು ಬೇರೆ!

ಹೆಣ್ಣು ಹೆತ್ತವರು ಎರಡು ಸಲ ಕೇಳುವುದೇ ಹೆಚ್ಚು. ಅವರು ಎದ್ದು ನಿಂತರು. ಸ್ಟೇಶನ್ನು, ಹೊಗೆ, ಹೊಗೆಯೊಳಗಿನ ಮುಖ ಎಲ್ಲ ನನ್ನ ಕಣ್ಣೆದುರೇ ಕರಗತೊಡಗಿತು. ಅಳು ಬಂತು.

ಆಗ ಪರದೆಯ ಹಿಂದಿನಿಂದ ಶಾಂತವಾದ ದನಿ: "ಅಪ್ಪಾ, ಸಾಹೇಬರು ಛಾಕ್ಕೂ ಹಂಗೇ ಅಂದ್ರು. ಮೂರನೇ ಸಲ ಕೇಳ್ರಿ."

ಅಪ್ಪ ತಬ್ಬಿಬ್ಬಾಗಿ ಮತ್ತೊಮ್ಮೆ ಕೇಳಿದರು. ಸಾಹೇಬರ ಮುಖ ಅರಳಿತು. ಕೈಜೋಡಿಸಿ, ಸ್ಪಷ್ಟ ಕನ್ನಡದಲ್ಲಿ ಹೇಳಿದರು: "ಆಯ್ತ್ರಿ. ನಿಮ್ಮ ಖುಷಿಗಿ ಸ್ವಲ್ಪ."

ಪರದೆಯ ಹಿಂದೆ ನಗು ಸಿಡಿಯಿತು. ಆ ನಗು ಈಗ ನಮ್ಮ ಮನೆಯಲ್ಲೇ ಇದೆ. ಆದರೆ ಊಟಕ್ಕೆ ಕೂತಾಗ ಇನ್ನೊಂದು ರೊಟ್ಟಿ ಬೇಕೇ ಎಂದು ಆಕೆ ಒಂದೇ ಸಲ ಕೇಳುತ್ತಾಳೆ. ರೂಢಿಯಂತೆ "ಬ್ಯಾಡ" ಅಂದೆನೋ, ಬುಟ್ಟಿ ಎತ್ತಿಕೊಂಡು ಒಳಗೆ ನಡೆಯುತ್ತಾಳೆ.

"ನಿಮಗ ಮೂರು ಸಲ ಕೇಳೂದು ಅವತ್ತೇ ಮುಗದದರಿ."