ಗಾಳಿಯಲ್ಲಿ ಕರಿದ ಭಜಿ

ಅರವತ್ತು ದಾಟಿದ ಗಂಡಸನ್ನು ಒಬ್ಬನನ್ನೇ ಅಂಗಡಿಗೆ ಕಳಿಸಬಾರದು. ವಯಸ್ಸಿನಲ್ಲಿದ್ದಾಗ ಅವನು ಹೆಂಡತಿ ಚೀಟಿಯಲ್ಲಿ ಬರೆದುಕೊಟ್ಟದ್ದರಲ್ಲಿ ಅರ್ಧ ಮರೆತು ಬಂದು, ಬೈಸಿಕೊಂಡು ಸುಮ್ಮನಿರುತ್ತಾನೆ. ನಿವೃತ್ತನಾದ ಮೇಲೆ ಅವನಿಗೆ ಸಂಸಾರ ಸುಧಾರಿಸುವ ಹುಕಿ ಬರುತ್ತದೆ. ನಾನು ಭೂಮಾಪನದ ನೌಕರಿಯಲ್ಲಿ ಮೂವತ್ತು ವರ್ಷ ಬೈಲಹೊಂಗಲ ಸೀಮೆಯ ಹೊಲಗಳಲ್ಲಿ ಸರಪಳಿ ಎಳೆದವನು. ಒಂದು ಗೇಣು ಬದುವಿಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರನ್ನು ಅಳತೆಯಿಂದಲೇ ರಾಜಿ ಮಾಡಿಸಿದ್ದೇನೆ. ಆದರೆ ಏರ್ ಫ್ರೈಯರ್ ಎಂಬ ಯಂತ್ರದ ಹಸಿವನ್ನು ಅಳೆಯುವ ಸರಪಳಿ ನನ್ನಲ್ಲಿರಲಿಲ್ಲ.

ಇದು ಶುರುವಾದದ್ದು ಕಿತ್ತೂರಿನಲ್ಲಿ, ನನ್ನ ಹೆಂಡತಿಯ ತಂಗಿಯ ಗಂಡ ವಿರೂಪಾಕ್ಷಿಯ ಮನೆಯಲ್ಲಿ. ಷಡ್ಡಕರ ನಡುವೆ ಪೈಪೋಟಿ ಅಂತ ಏನೂ ಇರುವುದಿಲ್ಲ; ಒಬ್ಬನ ಮನೆಗೆ ಬಂದ ವಸ್ತು ತಿಂಗಳೊಳಗೆ ಇನ್ನೊಬ್ಬನ ಮನೆಗೂ ಬರುತ್ತದೆ, ಅಷ್ಟೆ. ಅಡುಗೆಮನೆಯ ಕಟ್ಟೆಯ ಮೇಲೆ ಕರಿ ಕುಂಬಳಕಾಯಿಯ ಹಾಗೆ ಕುಳಿತಿದ್ದ ಆ ಯಂತ್ರದ ಕಿವಿಯನ್ನು ವಿರೂಪಾಕ್ಷಿ ಹಿಂಡಿದ. ಸ್ವಲ್ಪ ಹೊತ್ತಿನಲ್ಲಿ ಆಲೂಗಡ್ಡೆ ಹೋಳುಗಳು ಕೆಂಪಗೆ, ಗರಿಗರಿಯಾಗಿ ಹೊರಬಂದವು.

“ಎಣ್ಣಿ ಇಲ್ಲ, ಹೊಗಿ ಇಲ್ಲ ಅಣ್ಣಾರ. ಬರೇ ಗಾಳಿ!” ಎಂದ.

“ಮಿರ್ಚಿ ಭಜಿ ಆಗತಾವೇನೋ?” ಎಂದೆ.

“ಆಗತಾವ್ರಿ... ಅವೂ ಆಗತಾವು,” ಎಂದ. ಅವನ ಎಡಗೈ ಮೇಲೆ ಎಣ್ಣೆ ಸಿಡಿದಂಥ ನಾಲ್ಕು ಚುಕ್ಕೆಗಳಿದ್ದವು. ಎಣ್ಣೆಯೇ ಇಲ್ಲದ ಮನೆಯಲ್ಲಿ ಅವು ಎಲ್ಲಿಂದ ಬಂದವೆಂದು ಕೇಳುವಷ್ಟು ಬುದ್ಧಿ ಆಗ ನನಗೆ ಬರಲಿಲ್ಲ. ಮರುವಾರವೇ ಒಬ್ಬನೇ ಅಂಗಡಿಗೆ ಹೋಗಿ ಅಂಥದ್ದೇ ಒಂದನ್ನು ಹೊತ್ತು ತಂದೆ.

ಅದೇ ಹೊತ್ತಿಗೆ ನಮ್ಮ ಓಣಿಯ ಡ್ರೈವರ್ ಮಾಬುಸಾಬ ತನ್ನ ಹಳೆಯ ಟೆಂಪೋವನ್ನು ಕ್ಯಾರವಾನ್ ಮಾಡಿಸಿದ. ಒಳಗೆ ಎರಡು ಮಂಚ, ಒಂದು ಪುಟ್ಟ ಫ್ರಿಜ್, ಫ್ಯಾನು, ಕೈ ತೊಳೆಯುವ ಬೋಗುಣಿ, ಸೀಟಿನ ಕೆಳಗೆ ಬ್ಯಾಟರಿ, ಇನ್ವರ್ಟರ್. ಮನೆಯಲ್ಲಿ ಇರುವುದನ್ನೆಲ್ಲ ಅರ್ಧ ಅಳತೆಗೆ ಕುಗ್ಗಿಸಿ ಗಾಲಿಯ ಮೇಲೆ ಇಟ್ಟು, ಮನೆಯಿಂದ ದೂರ ಹೋಗಿ ಅದರಲ್ಲಿ ಇಕ್ಕಟ್ಟಾಗಿ ಕೂರುವುದಕ್ಕೆ ಈಗ ವಿಹಾರ ಅನ್ನುತ್ತಾರೆ. ನಾನೂ ಅವನ ಗಾಡಿಯಲ್ಲೇ ವಿಹಾರಕ್ಕೆ ಮನಸ್ಸು ಮಾಡಿದೆ. ದೂರವೇನೂ ಅಲ್ಲ. ಬಸ್ಸಿನಲ್ಲಿ ಕುಳಿತು ಒಂದು ನಿದ್ದೆ ತೆಗೆಯುವಷ್ಟರಲ್ಲಿ ಬರುವ ಸವದತ್ತಿ; ಅಲ್ಲಿಂದ ಮಲಪ್ರಭೆಯ ಹಿನ್ನೀರಿನ ದಂಡೆ. ರಾಮದುರ್ಗದ ಕಡೆಯ ಕಟಕೋಳದಿಂದ ನಮ್ಮ ಬೀಗರು, ಅಂದರೆ ಮಗಳ ಅತ್ತೆಮಾವ, ನೇರವಾಗಿ ಅಲ್ಲಿಗೇ ಬರುವುದೆಂದು ನಿಶ್ಚಯವಾಯಿತು.

ಎಡವಟ್ಟಾದದ್ದು ಆ ನಿಶ್ಚಯದ ಫೋನಿನಲ್ಲೇ. ಬೀಗರಾದ ಗುರುಸಿದ್ಧಪ್ಪನವರು, “ಬೀಗರ, ಅಲ್ಲಿ ಬಂದೂ ನಮ್ಮ ಬೀಗಿತ್ತಿ ಒಲಿ ಮುಂದನ ಕುಂದ್ರೂದೇನು?” ಎಂದು ಕೆಣಕಿದರು. ಬೀಗರು ಕೆಣಕಿದರೆ ತಣ್ಣಗೆ ಉತ್ತರ ಕೊಟ್ಟವನು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. “ನಮ್ಮ ಶಾಂತಾ ಅವತ್ತು ಕುರ್ಚಿ ಬಿಟ್ಟು ಏಳಂಗಿಲ್ರಿ! ರೊಟ್ಟಿ ಪಲ್ಯ ನೀವು ತರ್ರಿ, ಬಿಸಿ ಬಿಸಿ ಮಿರ್ಚಿ ಭಜಿ ನಂದು. ಏರ್ ಫ್ರೈಯರ್ ತರಾಕತ್ತೇನಿ,” ಎಂದುಬಿಟ್ಟೆ. ಪಕ್ಕದಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದ ಹೆಂಡತಿ ತಲೆ ಎತ್ತಲಿಲ್ಲ. ಫೋನ್ ಇಟ್ಟ ಮೇಲೆ, “ಬೀಗರ ಮುಂದ ಅಂದೀರಿ. ನೆನಪಿರಲಿ,” ಎಂದಳು.

ಅವಳ ಮಾತಿನಲ್ಲಿ ನ್ಯಾಯವಿತ್ತು. ಮದುವೆಯಾದಾಗಿನಿಂದ ನಾವು ಹೋದ ಒಂದು ಪ್ರವಾಸದಲ್ಲೂ ಅವಳು ಊರು ನೋಡಿದ್ದಿಲ್ಲ, ಸ್ಟೋವ್ ನೋಡಿದ್ದೇ ಬಂತು. ಅದಕ್ಕೂ ಹಿಂದೆ ನಮ್ಮ ಆಯಿಯ, ಅಂದರೆ ಅಜ್ಜಿಯ ಕಾಲ. ಎಳ್ಳು ಅಮಾವಾಸ್ಯೆಗೆ ಚರಗ ಚೆಲ್ಲಲು, ಅಂದರೆ ಬೆಳೆಗೆ ಎಡೆ ಎರಚಲು, ಹೊಲಕ್ಕೆ ಹೊರಟರೆ ಆಯಿ ಒಂದು ಮಸಿ ಹಿಡಿದ ಕಬ್ಬಿಣದ ಬಾಣಲೆಯನ್ನು ಚಕ್ಕಡಿಯ ಅಡಿಗೆ ಕಟ್ಟುತ್ತಿದ್ದಳು. ದಾರಿಯುದ್ದಕ್ಕೂ ಅದು ಠಣ್ ಠಣ್ ಎನ್ನುತ್ತ ತೂಗುತ್ತಿತ್ತು. “ಈ ಸಪ್ಪಳ ಇಲ್ಲಂದ್ರ ಎತ್ತು ಮುಂದ ಹೋಗಂಗಿಲ್ಲ ನೋಡ,” ಅನ್ನುತ್ತಿದ್ದಳು. ನಾನು ಸಾಲಿಗೆ ಹೋಗುವವರೆಗೂ ಎತ್ತುಗಳು ಬಾಣಲೆಯಿಂದಲೇ ನಡೆಯುತ್ತವೆಂದು ನಂಬಿದ್ದೆ. ಆಯಿಯೂ ಹೊಲ ನೋಡಲಿಲ್ಲ. ಮೂರು ಕಲ್ಲು, ಹೊಗೆ ನೋಡಿದಳು. ಈ ಪರಂಪರೆಯನ್ನು ಒಂದು ಸ್ವಿಚ್ಚಿನಿಂದ ಮುಗಿಸುವ ಮಹಾಪುರುಷ ನಾನೇ ಎಂದು ಹೆಮ್ಮೆಯಾಗಿತ್ತು.

ಹೊರಡುವ ದಿನ ಮಾಬುಸಾಬ ಗಾಡಿಯೊಳಗೆ ಗ್ಯಾಸಿನ ಒಲೆ ಇಟ್ಟಿದ್ದ. “ಇದ್ಯಾಕೋ ಮಾರಾಯ, ಏರ್ ಫ್ರೈಯರ್ ಐತಲ್ಲ,” ಎಂದು ನಾನೇ ಅದನ್ನು ಅಂಗಳದಲ್ಲಿ ಇಳಿಸಿದೆ. “ಇರ್ಲಿ ಬಿಡ್ರಿ ಸಾಹೇಬ್ರ, ಏನ್ ಅನ್ನ ಕೇಳತೈತೇನು?” ಎಂದ. ನಾನು ಕೇಳಲಿಲ್ಲ.

ಹಿನ್ನೀರಿನ ದಂಡೆಯಲ್ಲಿ ಬೀಗರು ಆಗಲೇ ಜಮಖಾನೆ ಹಾಸಿ ಕುಳಿತಿದ್ದರು. ನಾನು ಕುರ್ಚಿ ಬಿಡಿಸಿ, ಹೆಂಡತಿಯನ್ನು ಅದರ ಮೇಲೆ ಪಟ್ಟಾಭಿಷೇಕ ಮಾಡಿದವನ ಹಾಗೆ ಕೂರಿಸಿದೆ. ಒಳಗೆ ಹೋಗಿ ಮೆಣಸಿನಕಾಯಿ ಸೀಳಿದೆ, ಕಡಲೆಹಿಟ್ಟು ಕಲಸಿದೆ, ಯಂತ್ರದ ಕಿವಿ ಹಿಂಡಿದೆ. ಸೀಟಿನ ಕೆಳಗಿನ ಇನ್ವರ್ಟರ್ ಬಾಲ ತುಳಿಸಿಕೊಂಡ ನಾಯಿಯ ಹಾಗೆ ಒಮ್ಮೆ ಕುಂಯ್ ಎಂದಿತು. ಫ್ಯಾನು ನಿಂತಿತು, ಫ್ರಿಜ್ ನಿಂತಿತು, ನನ್ನ ಎದೆಯೂ ಒಂದು ಗಳಿಗೆ ನಿಂತಿತು.

“ಸಾಹೇಬ್ರ, ನನ್ನ ಬ್ಯಾಟರಿ ಫ್ಯಾನಿನ ಬ್ಯಾಟರಿ. ಈ ರಾಕ್ಷಸಗ ಗಿರಣಿ ಕರೆಂಟ್ ಬೇಕ್ರಿ,” ಎಂದ ಮಾಬುಸಾಬ. ಕೊನೆಗೆ ಅವನೇ ದೂರದ ಚಹಾ ಅಂಗಡಿಯವರನ್ನು ಬೇಡಿಕೊಂಡು ಅಲ್ಲಿಂದ ವೈರು ಎಳೆದು ತಂದ. ಎಲ್ಲಿ ಬೇಕಾದರೂ ಹೋಗಬಲ್ಲ ನಮ್ಮ ಮನೆ, ಗೂಟಕ್ಕೆ ಕಟ್ಟಿದ ಕರುವಿನ ಹಾಗೆ ಚಹಾ ಅಂಗಡಿಗೆ ಕಟ್ಟಿಸಿಕೊಂಡು ನಿಂತಿತು.

ಯಂತ್ರ ಗುಂಯ್ಗುಟ್ಟಿತು. ಹೊರಗಿನಿಂದ ಬೀಗರು, “ಬೀಗರ, ಭಜಿ ಕರ್ಯಾಕತ್ತೀರೋ, ಇಮಾನ ಹಾರಸಾಕತ್ತೀರೋ?” ಎಂದು ಕೂಗಿದರು. ಹೊತ್ತು ಮುಗಿದ ಮೇಲೆ ಬುಟ್ಟಿ ಎಳೆದೆ. ತೆಳ್ಳಗಿನ ಹಿಟ್ಟೆಲ್ಲ ತೂತಿನಿಂದ ಸೋರಿ ತಳದಲ್ಲಿ ಗೋಡೆಯ ಗಾರೆಯಂತೆ ಗಟ್ಟಿಯಾಗಿತ್ತು. ಉಳಿದದ್ದು ಗಾಳಿಗೆ ಹಾರಿ ಯಂತ್ರದ ನೆತ್ತಿಗೆ ಅಂಟಿತ್ತು. ನಡುವೆ ಮೆಣಸಿನಕಾಯಿಗಳು ಬರಿಮೈಯಲ್ಲಿ, ನಾಚಿಕೆಯಿಂದ ಮುದುಡಿ ಮಲಗಿದ್ದವು.

ಬೀಗರು ಬಾಗಿಲಲ್ಲಿ ಇಣುಕಿ ನೋಡಿದರು. ಕೈ ಚಾಚಿ ಒಂದು ಮೆಣಸಿನಕಾಯಿಯನ್ನು ತೊಟ್ಟು ಹಿಡಿದು ಎತ್ತಿದರು. “ಬೀಗರ, ಇವಕ್ಕ ಅಂಗಿ ತೊಡಸೂದು ಮರತೀರೇನು?” ಎಂದರು.

ನಾನು ಸೋತ ಮುಖದಲ್ಲಿ ಹೆಂಡತಿಯ ಹತ್ತಿರ ಹೋದೆ. ಅವಳು ಬೀಗಿತ್ತಿಯ ಜೊತೆ ನೀರಿನ ಮೇಲಿನ ಹಕ್ಕಿಗಳನ್ನು ಎಣಿಸುತ್ತಿದ್ದಳು. “ಶಾಂತಾ,” ಎಂದೆ.

“ಸೀಟಿನ ಕೆಳಗ, ಎಡಕ್ಕ, ಗೋಣಿಚೀಲದಾಗ,” ಎಂದಳು.

ಗೋಣಿಚೀಲದಲ್ಲಿ ಆಯಿಯ ಬಾಣಲೆ ಇತ್ತು. ಒಂದು ಡಬ್ಬಿ ಎಣ್ಣೆ, ತೂತಿನ ಸೌಟು, ಕಡ್ಡಿಪೆಟ್ಟಿಗೆ ಕೂಡ. ನನ್ನ ಕಣ್ಣಲ್ಲಿ ನೀರು ಬಂತು. ಎಂಥ ಹೆಂಡತಿ! ಅದನ್ನು ಎರಡೂ ಕೈಯಲ್ಲಿ ತಂದು ಅವಳ ಮುಂದೆ ಇಟ್ಟೆ.

ಅವಳು ಕಾಲಿನ ಮೇಲೆ ಕಾಲು ಹಾಕಿಕೊಂಡಳು. “ನನ್ನ ಮುಂದ ಯಾಕ ಇಟ್ಟೀರಿ? ನಾ ಕುರ್ಚಿ ಬಿಟ್ಟು ಏಳಂಗಿಲ್ಲ. ಬೀಗರ ಮುಂದ ಮಾತು ಕೊಟ್ಟೀರಿ, ಗಂಡನ ಮಾತು ಕೆಡಸಲೇನು?”

“ಹೌದ್ರಿ, ಕೆಡಸಬಾರದು,” ಎಂದರು ಬೀಗಿತ್ತಿ.

ಮೂರು ಕಲ್ಲು ಹೂಡಿದೆ. ಜಾಲಿ ಕಟ್ಟಿಗೆ ಹೊತ್ತಿಸಿದೆ. ಹೊಗೆ, ಹಿನ್ನೀರನ್ನೆಲ್ಲ ಬಿಟ್ಟು, ನನ್ನ ಕಣ್ಣನ್ನೇ ಹುಡುಕಿಕೊಂಡು ಬಂತು. ಕುರ್ಚಿಯಿಂದ ಆಜ್ಞೆಗಳು ಹೊರಟವು: “ಹಿಟ್ಟು ನೀರಾತು, ಇನ್ನೊಂದ್ ಮುಷ್ಟಿ ಹಾಕ್ರಿ... ಒಂದ ಹನಿ ಬಿಟ್ಟು ನೋಡ್ರಿ, ಮ್ಯಾಲ ಬಂದ್ರ ಎಣ್ಣಿ ಕಾದೈತಿ... ಮ್ಯಾಲಿಂದ ಒಗೀಬ್ಯಾಡ್ರಿ, ಅದೇನ್ ಬಾವಿ ಅಲ್ಲ!” ನಾನು ಒಗೆದೆ. ಎಣ್ಣೆ ಕೈಗೆ ಸಿಡಿಯಿತು. ಮೂರನೆಯ ಸಲದ ಭಜಿ ಭಜಿಯಂತೆಯೇ ಕಾಣಿಸಿದವು. ಬೀಗರು ಹನ್ನೊಂದು ತಿಂದು, “ಇನ್ನ ಮ್ಯಾಲ ನಮಗ ಭಜಿ ಅಂದ್ರ ಬೀಗರ ಕೈಯಿಂದನ,” ಎಂದು ತೀರ್ಪು ಕೊಟ್ಟರು. ಹೆಂಡತಿ ಮೊದಲ ಬಾರಿಗೆ ಬಿಸಿ ಭಜಿ ತಿಂದಳು. “ಉಪ್ಪು ಸ್ವಲ್ಪ ಕಮ್ಮಿ,” ಎಂದಳು. ಆದರೆ ಇನ್ನೊಂದು ತೆಗೆದುಕೊಂಡಳು.

ಕ್ಯಾರವಾನಿಗೆ ಏರ್ ಫ್ರೈಯರ್ ಬೇಕೋ ಬೇಡವೋ ಎಂದು ಕೇಳಿದರೆ, ಬೇಕೇ ಬೇಕು ಅನ್ನುತ್ತೇನೆ. ಉಳಿದ ಭಜಿಗಳನ್ನು ಅದರ ಬುಟ್ಟಿಯಲ್ಲಿ ಹಾಕಿ ಮುಚ್ಚಿದೆವು; ಬೈಲಹೊಂಗಲ ಮುಟ್ಟುವವರೆಗೆ ಒಂದೂ ಹೊರಗೆ ಉರುಳಲಿಲ್ಲ. ಇಷ್ಟು ಭದ್ರವಾದ, ಇಷ್ಟು ಭಾರವಾದ ಡಬ್ಬಿ ಬೇರೆಲ್ಲೂ ಸಿಗಲಾರದು.

ಮರುದಿನ ವಿರೂಪಾಕ್ಷಿ ಫೋನ್ ಮಾಡಿದ. “ಹೆಂಗಿತ್ತರೀ ಅಣ್ಣಾರ, ಏರ್ ಫ್ರೈಯರ್?”

“ಭಾರಿ ಇತ್ತೋ,” ಎಂದೆ. “ಎಣ್ಣಿ ಇಲ್ಲ, ಹೊಗಿ ಇಲ್ಲ.”

ಆ ಕಡೆ ಬಾಗಿಲು ಮುಚ್ಚಿದ ಸಪ್ಪಳವಾಯಿತು. ಆಮೇಲೆ ಅವನು ದನಿ ತಗ್ಗಿಸಿ ಕೇಳಿದ, “ಕೈಗೆ ಏನ್ ಹಚ್ಚೀರಿ?”

“ತುಪ್ಪ,” ಎಂದೆ.

“ಕೊಬ್ಬರಿ ಎಣ್ಣಿ ಹಚ್ಚರಿ. ನಂದು ಅದಕ್ಕ ಆರಿತು.”